ಪಿನ್ನು ಕೂತರೆ ಸಾಕು ಅಂದಿದ್ದೆ

ನನ್ನ ಹತ್ತಿರ ಒಂದು ಬಣ್ಣದ ಡಬ್ಬಿ ಇದೆ. ಗೋಡೆಗೆ ಹಚ್ಚುವ ಬಣ್ಣ ತುಂಬಿಕೊಂಡು ಬರುತ್ತದಲ್ಲ, ಹಿಡಿಕೆಯಿರುವ ಆ ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಅದರ ತುಂಬ ಚಾರ್ಜರುಗಳು. ಒಂದನ್ನೂ ನಾನು ಕೊಂಡಿದ್ದಲ್ಲ. ಹಂಪಿಯ ಒಂದು ಗೆಸ್ಟ್ ಹೌಸಿನಲ್ಲಿ ಹದಿನಾಲ್ಕು ವರ್ಷದಿಂದ ಹಾಸಿಗೆ ಬಟ್ಟೆ ಒಗೆಯುವುದು, ರೂಮು ಗುಡಿಸುವುದು, ಬೆಳಗಿನ ತಿಂಡಿ ಮಾಡುವುದು ನನ್ನ ಕೆಲಸ. ಬಂದವರು ಹೋಗುವಾಗ ಚಪ್ಪಲಿ, ಸೋಪು, ಅರ್ಧ ಓದಿದ ಪುಸ್ತಕ ಎಲ್ಲ ಹುಡುಕಿ ತುಂಬಿಕೊಳ್ಳುತ್ತಾರೆ. ಚಾರ್ಜರು ಮಾತ್ರ ಮಂಚದ ಹಿಂದಿನ ಬೋರ್ಡಿನಲ್ಲಿ ನೇತಾಡುತ್ತಲೇ ಇರುತ್ತದೆ. ಮೂರು ತಿಂಗಳು ಕಾಯಿರಿ, ಯಾರೂ ಕೇಳದಿದ್ದರೆ ನೀವೇ ಇಟ್ಟುಕೊಳ್ಳಿ ಎಂದು ಮಾಲೀಕರು ಹೇಳಿದ್ದರು. ಚಾರ್ಜರು ಕೇಳಿಕೊಂಡು ತಿರುಗಿ ಬಂದ ಒಬ್ಬರನ್ನೂ ನಾನು ಕಂಡಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಇಂಗ್ಲಿಷು ಬರುವುದಿಲ್ಲ. ಅಂಕಿ ಚೆನ್ನಾಗಿ ಬರುತ್ತದೆ, ಕನ್ನಡದ್ದೂ ಬರುತ್ತದೆ, ಇಂಗ್ಲಿಷಿನದೂ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದು ಬಾರದ ಮುದುಕಿ, ಪಾಪ, ಗೊತ್ತಾಗದೆ ಮಾಡಿದಳು ಎಂದು ಯಾರೂ ನನ್ನ ಪರ ವಹಿಸಬೇಕಾಗಿಲ್ಲ. ನಾನು ಕೆಡಿಸಿದ ಕೆಲಸಕ್ಕೆ ಅಂಕಿ ಬಂದರೆ ಸಾಕಿತ್ತು.

ಮೊದಮೊದಲು ಡಬ್ಬಿ ಮೂಲೆಯಲ್ಲಿ ಸುಮ್ಮನೆ ಬಿದ್ದಿತ್ತು. ಒಮ್ಮೆ ಪಕ್ಕದ ಬಾಳೆ ತೋಟದವನು ಫೋನು ಸತ್ತುಹೋಗಿದೆ, ಹೊಸಪೇಟೆಗೆ ಹೋಗಬೇಕು ಎಂದು ಗೊಣಗುತ್ತ ನಿಂತಿದ್ದ. ತಾ ನೋಡೋಣ ಎಂದೆ. ಸಾರು ಕೆಟ್ಟಾಗ ಉಪ್ಪೋ ಹುಳಿಯೋ ಎಂದು ಒಂದೊಂದನ್ನೇ ನೋಡುತ್ತೇವಲ್ಲ, ಹಾಗೆ ನೋಡಿದೆ. ಮೊದಲು ವೈರು ಬದಲಿಸಿದೆ, ಆಮೇಲೆ ಗೋಡೆಗೆ ಹಾಕುವ ಮಂಡೆ ಬದಲಿಸಿದೆ, ಆಮೇಲೆ ಬೋರ್ಡು. ಯಾವುದಕ್ಕೂ ಆಗಲಿಲ್ಲ. ಕಡೆಗೆ ಫೋನಿನ ತೂತಿನೊಳಗೆ ಬೆಳಕು ಬಿಟ್ಟು ನೋಡಿದರೆ ಅಂಗಿ ಜೇಬಿನ ನೂಲಿನ ಕಸ ಗಟ್ಟಿಯಾಗಿ ಕೂತಿತ್ತು. ಫೋನು ಆರಿಸಿ, ಬೆಂಕಿಕಡ್ಡಿಯನ್ನು ಬ್ಲೇಡಿನಿಂದ ತೆಳ್ಳಗೆ ಸೀಳಿ, ಕೆದರಿ ತೆಗೆದೆ. ಪಿನ್ನು ಟಕ್ಕೆಂದು ಒಳಗೆ ಕೂತಿತು, ಫೋನು ಹತ್ತಿತು. ಅವನು ಒಂದು ಚಿಪ್ಪು ಬಾಳೆಹಣ್ಣು ತಂದುಕೊಟ್ಟ.

ಅಲ್ಲಿಂದ ಶುರುವಾಯಿತು. ಆಟೋದವರು ಬಂದರು, ಎಳನೀರು ಮಾರುವವಳು ಬಂದಳು, ಕಮಲಾಪುರದಿಂದ ಒಬ್ಬ ಮೇಷ್ಟ್ರು ಬಂದರು. ಫೋನನ್ನು ಆಟೋದ ಗಾಜಿನ ಹತ್ತಿರ ಬಿಸಿಲಿಗೆ ಇಟ್ಟು ಚಾರ್ಜ್ ಆಗಲಿಲ್ಲ ಅನ್ನುವವನಿಗೆ ನೆರಳಿಗಿಡು ಎಂದೆ. ವೈರನ್ನು ಹಗ್ಗದ ಹಾಗೆ ಮಡಚಿ ಸುತ್ತುವವಳಿಗೆ, ಕುತ್ತಿಗೆ ಮುರಿದ ಮೇಲೆ ಕೋಳಿಯೂ ಬದುಕುವುದಿಲ್ಲ ಎಂದೆ. ಬೆನ್ನು ಉಬ್ಬಿದ ಫೋನು ತಂದವರಿಗೆ ಇದನ್ನು ಮನೆಯೊಳಗೆ ಇಡಬೇಡಿ ಎಂದು ಹೊರಗೇ ನಿಲ್ಲಿಸಿದೆ. ಡಬ್ಬಿಯ ಚಾರ್ಜರುಗಳನ್ನು ಪಿನ್ನು ನೋಡಿ ಗಂಟು ಕಟ್ಟಿದೆ. ಸಣ್ಣ ಪಿನ್ನು, ಎರಡು ಕಡೆಗೂ ಹೋಗುವ ಪಿನ್ನು, ಹಳೆಯ ಸೂಜಿ ಪಿನ್ನು, ದಪ್ಪನೆ ದುಂಡು ಪಿನ್ನು. ಯಾರು ಏನು ತಂದರೂ ನನ್ನದು ಒಂದೇ ಕಾನೂನು: ಪಿನ್ನು ಕೂತರೆ ಚಾರ್ಜರು ಸರಿ. ಜನ ಚಾರ್ಜರಜ್ಜಿ ಎಂದು ಕರೆಯತೊಡಗಿದರು. ಸುಳ್ಳು ಯಾಕೆ ಹೇಳಲಿ, ಹಾಗೆ ಕರೆದಾಗ ನನಗೆ ಹಿತವಾಗುತ್ತಿತ್ತು. ಜೀವಮಾನವೆಲ್ಲ ಏ ಇವಳೇ, ಏ ರೂಮಿನವಳೇ ಎಂದು ಕರೆಸಿಕೊಂಡವಳು ನಾನು.

ಆ ಕಾನೂನು ಫೋನಿಗೆ ಹೆಚ್ಚುಕಡಿಮೆ ನಡೆಯುತ್ತಿತ್ತು. ಯಾಕೆ ನಡೆಯುತ್ತಿತ್ತು ಎಂದು ನಾನು ಯಾವತ್ತೂ ಕೇಳಲಿಲ್ಲ.

ಈಗ ನನ್ನ ತಮ್ಮನ ವಿಷಯ. ಬುಕ್ಕಸಾಗರ ನನ್ನ ತವರು. ನನಗಿಂತ ಆರು ವರ್ಷಕ್ಕೆ ಚಿಕ್ಕವನು, ಕಾಲುವೆಯ ನೀರುಗಂಟಿಯಾಗಿದ್ದ. ಹೊಳೆಯಿಂದ ಬರುವ ಕಾಲುವೆಯ ನೀರನ್ನು ಯಾವ ಗದ್ದೆಗೆ ಯಾವ ಸರದಿಯಲ್ಲಿ ಎಷ್ಟು ಹೊತ್ತು ಬಿಡಬೇಕೆಂದು ನೋಡಿಕೊಂಡು, ತೂಬಿನ ಹಲಗೆ ಎತ್ತಿ ಇಳಿಸುವ ಕೆಲಸ. ನಮ್ಮ ಅಪ್ಪನೂ ಅದನ್ನೇ ಮಾಡುತ್ತಿದ್ದ. ಕಾಗದದ ಕೆಲಸವಲ್ಲ ಅದು, ಬಾಯಿಯ ಕೆಲಸ. ಈ ಬದುವಿನಿಂದ ಆ ಬದುವಿಗೆ ಕೂಗಬೇಕು, ಜಗಳಕ್ಕೆ ಬಂದವನಿಗೆ ಉತ್ತರ ಕೊಡಬೇಕು. ಫೋನು ಬಂದ ಮೇಲೆ ದಿನಕ್ಕೆ ನಲವತ್ತು ಸಲ ನೀರು ಬಂತು, ನೀರು ಹೋಯಿತು ಎಂದು ಹೇಳುತ್ತಿರಬೇಕು. ತಮ್ಮನಿಗೆ ಆ ಕಾಲುವೆಯೇ ಮನೆ.

ಅವನು ಗುಟ್ಕಾ ತಿಂದ, ಬೀಡಿ ಸೇದಿದ. ನಾನು ಬೈದೆ, ಕೇಳಲಿಲ್ಲ. ಗಂಟಲಲ್ಲಿ ಗಡ್ಡೆಯಾಯಿತು. ದೊಡ್ಡ ಆಸ್ಪತ್ರೆಯಲ್ಲಿ ಗಂಟಲಿನ ದನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಜೀವ ಉಳಿಯಿತು. ಕುತ್ತಿಗೆಯ ಬುಡದಲ್ಲಿ ಒಂದು ತೂತು, ಉಸಿರಾಟವೆಲ್ಲ ಅದರಿಂದಲೇ. ಬಾಯಿ ಆಡಿಸಬಲ್ಲ, ಸದ್ದು ಬರುವುದಿಲ್ಲ. ಸಿಳ್ಳೆ ಹೊಡೆಯಲೂ ಆಗುವುದಿಲ್ಲ, ಉಸಿರು ಬಾಯಿಗೆ ಬಂದರೆ ತಾನೆ.

ಆಮೇಲೆ ಅದೇ ಆಸ್ಪತ್ರೆಯವರು ಅವನಿಗೊಂದು ಮಷಿನ್ ಕೊಡಿಸಿದರು. ಸಣ್ಣ ಬ್ಯಾಟರಿಯಷ್ಟು ಉದ್ದ, ಅಂದರೆ ನಾವು ಕತ್ತಲಲ್ಲಿ ಹಿಡಿಯುವ ಬ್ಯಾಟರಿಯಷ್ಟು. ಅದನ್ನು ಕುತ್ತಿಗೆಗೆ ಒತ್ತಿಹಿಡಿದು ಗುಂಡಿ ಅದುಮಿ ಬಾಯಿ ಆಡಿಸಿದರೆ ಮಾತು ಹೊರಗೆ ಬರುತ್ತದೆ. ದನಿ ಮನುಷ್ಯನದಲ್ಲ, ಡಬ್ಬಿಯಲ್ಲಿ ಹಿಡಿದ ಜೀರುಂಡೆಯದು. ಮೊದಲ ದಿನ ಫೋನಿನಲ್ಲಿ ಅವನ ಮಾತು ಕೇಳಿದ ಒಬ್ಬ ರೈತ, ಕಂಪನಿಯಿಂದ ಮಾಡಿದ್ದಾರೆಂದು ತಿಳಿದು, ನಂಗ ಲೋನ್ ಬ್ಯಾಡ್ರಿ ಅಂತ ಇಟ್ಟುಬಿಟ್ಟನಂತೆ. ಅದನ್ನು ತಮ್ಮನೇ ನನಗೆ ಹೇಳಿ, ಸದ್ದಿಲ್ಲದೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಒಂದು ತಿಂಗಳಲ್ಲಿ ಊರು ಆ ದನಿಗೆ ಒಗ್ಗಿಕೊಂಡಿತು. ಕೆಲಸ ಉಳಿಯಿತು. ಆ ಮಷಿನ್ನು ಅವನ ಬಾಯಿ, ಅವನ ಕೆಲಸ, ಅವನ ಮರ್ಯಾದೆ ಎಲ್ಲವೂ ಆಗಿತ್ತು. ಅದು ನನಗೂ ಗೊತ್ತಿತ್ತು.

ಮೂರು ವರ್ಷದ ಹಿಂದೆ, ನಾಟಿ ಶುರುವಾಗುವ ಹೊತ್ತಿಗೆ, ಆ ಮಷಿನ್ನಿನ ಚಾರ್ಜರಿನ ವೈರನ್ನು ಇಲಿ ಕಡಿದುಹಾಕಿತು. ತಮ್ಮ ಟೇಪು ಸುತ್ತಿ ನಾಲ್ಕು ದಿನ ನಡೆಸಿದ. ಐದನೇ ದಿನ ಅದೂ ನಿಂತಿತು. ಹೊಸಪೇಟೆಗೆ ಹೋಗಿ ಕೇಳಬಹುದಿತ್ತು. ಮನೆಯಲ್ಲೇ ಚಾರ್ಜರಜ್ಜಿ ಇರುವಾಗ ಯಾರು ಹೋಗುತ್ತಾರೆ? ಗಾಡಿ ಹತ್ತಿ ಹಂಪಿಗೆ ನನ್ನ ಹತ್ತಿರ ಬಂದ.

ಮಷಿನ್ನಿನ ಬುಡದಲ್ಲಿ ದುಂಡು ತೂತು ಇತ್ತು. ಡಬ್ಬಿಯಿಂದ ದುಂಡು ಪಿನ್ನಿನ ಗಂಟು ತೆಗೆದೆ. ಒಂದು ಸಡಿಲ, ಒಂದು ಬಿಗಿ, ಒಂದು ಅಳತೆ ಹೊಲಿಸಿದ ಹಾಗೆ ಕೂತಿತು. ಅದು ಗೆಸ್ಟ್ ಹೌಸಿನ ವೈಫೈ ಡಬ್ಬಿಯದು. ಡಬ್ಬಿ ಸಿಡಿಲಿಗೆ ಸುಟ್ಟುಹೋದ ಮೇಲೆ ಚಾರ್ಜರನ್ನು ನಾನು ಎತ್ತಿಟ್ಟುಕೊಂಡಿದ್ದೆ. ಕಪ್ಪಗೆ, ಭಾರವಾಗಿ, ಗಟ್ಟಿಮುಟ್ಟಾಗಿತ್ತು. ಇದಕ್ಕಿಂತ ಒಳ್ಳೆಯದು ಅಂಗಡಿಯಲ್ಲೂ ಸಿಗುವುದಿಲ್ಲ ಎಂದೆ.

ತಮ್ಮ ಚಾ ಲೋಟ ಕೆಳಗಿಟ್ಟು, ಪಿನ್ನನ್ನು ಬಿಡಿಸಿ, ಮಷಿನ್ನನ್ನು ಎತ್ತಿ ಕುತ್ತಿಗೆಗೆ ಹಿಡಿದ. ಚಾರ್ಜು ತಳ ಹತ್ತಿತ್ತು, ದನಿ ಸೊರಗಿತ್ತು.

"ಅಕ್ಕಾ, ಅಂಕಿ ನೋಡಿದೇನು? ಅಂಕಿ ಕೂಡಬೇಕಂತ ಆಸ್ಪತ್ರ್ಯಾಗ ಹೇಳ್ಯಾರ."

"ಊರ ಮಂದಿ ಫೋನೆಲ್ಲ ನಾ ನೋಡ್ತೀನಿ, ನೀ ನನಗ ಹೇಳ್ತೀಯೇನು? ಪಿನ್ನು ಕೂತ್ರ ಸಾಕು. ಬಾಯಿ ಮುಚ್ಕೊಂಡು ಚಾ ಕುಡಿ."

ಅವನು ಮಷಿನ್ನನ್ನು ನನ್ನ ಕೈಗೆ ಕೊಟ್ಟು ಚಾ ಕುಡಿದ.

ಪಿನ್ನು ಸಿಕ್ಕಿಸಿ ಸ್ವಿಚ್ಚು ಹಾಕಿದೆ. ಕೆಂಪು ದೀಪ ಹತ್ತಿತು, ಎಂದಿಗಿಂತ ಜೋರಾಗಿ. ನೋಡು, ನಿನ್ನದಕ್ಕಿಂತ ಚೆನ್ನಾಗಿ ಉರಿಯುತ್ತಿದೆ ಎಂದು ಹೇಳಿ ಒಣಗಿದ ಹಾಸಿಗೆ ಬಟ್ಟೆ ತರಲು ಮಾಳಿಗೆಗೆ ಹೋದೆ. ಆರೇಳು ಬಟ್ಟೆ ಮಡಿಚಿ ಕೆಳಗೆ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಕೂದಲು ಸುಟ್ಟ ಹಾಗೆ ವಾಸನೆ. ತಮ್ಮ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಕುತ್ತಿಗೆಯಲ್ಲಿ ಉಸಿರಾಡುವವನಿಗೆ ವಾಸನೆ ಅಷ್ಟಾಗಿ ತಿಳಿಯುವುದಿಲ್ಲ. ಪಿನ್ನು ಕಿತ್ತೆ. ಮಷಿನ್ನು ಮುಟ್ಟಲಾಗದಷ್ಟು ಸುಡುತ್ತಿತ್ತು. ಸೆರಗಿನಲ್ಲಿ ಹಿಡಿದು ಗುಂಡಿ ಅದುಮಿದೆ. ಮತ್ತೆ ಅದುಮಿದೆ. ಅವನು ಬಂದು ತಾನೂ ಅದುಮಿ, ಕುತ್ತಿಗೆಗೆ ಒತ್ತಿ, ಬಾಯಿ ಆಡಿಸಿ ನೋಡಿದ. ಏನೂ ಬರಲಿಲ್ಲ.

ಹೊಸಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಫೋನು ರಿಪೇರಿ ಮಾಡುವ ಒಬ್ಬ ವಯಸ್ಸಾದವರಿದ್ದಾರೆ. ಆವತ್ತೇ ಇಬ್ಬರೂ ಹೋದೆವು. ಅವರು ಕಣ್ಣಿಗೆ ಭೂತಗಾಜು ಹಾಕಿಕೊಂಡು ಬಿಚ್ಚಿ ನೋಡಿದರು. ಒಳಗಿನ ಹಸಿರು ಹಲಗೆಯ ಮೇಲೆ ಒಂದು ಕಡೆ ಕಪ್ಪಗೆ ಕರಕಲಾಗಿತ್ತು. ಆಮೇಲೆ ನನ್ನ ಚಾರ್ಜರನ್ನು ತಿರುಗಿಸಿ ಅದರ ಬೆನ್ನಿನ ಸಣ್ಣ ಬರಹದಲ್ಲಿ ಒಂದು ಕಡೆ ಉಗುರಿಟ್ಟರು. ಹನ್ನೆರಡು. ಮಷಿನ್ನಿನ ಬುಡದಲ್ಲಿ ಉಗುರಿಟ್ಟರು. ಐದು.

"ಇದು ಐದು ಕುಡಿಯೋದು ಅಮ್ಮಾ. ನೀವು ಹನ್ನೆರಡು ಕುಡಿಸೀರಿ."

ನನಗೆ ತಿಳಿಯಲಿ ಎಂದು ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಆ ಮೊದಲನೇ ಅಂಕಿ ಒತ್ತಡ, ಕಾಲುವೆಯಲ್ಲಿ ನೀರು ಎಷ್ಟು ಎತ್ತರ ನಿಂತಿದೆ ಅನ್ನುವ ಹಾಗೆ. ಅದು ಎರಡೂ ಕಡೆ ಒಂದೇ ಇರಬೇಕು. ಎರಡನೇ ಅಂಕಿ, ಆ ಕಾಲುವೆ ಎಷ್ಟು ನೀರು ಕೊಡಬಲ್ಲದು ಅನ್ನುವುದು. ಅದು ಮಷಿನ್ನು ಕೇಳಿದ್ದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು. ಈಗಿನ ಫೋನಿಗೆ ತನ್ನದೇ ಬುದ್ಧಿ ಇದೆ, ತನಗೆ ಬೇಕಾದಷ್ಟನ್ನು ಚಾರ್ಜರಿಗೆ ಹೇಳಿ ತೆಗೆದುಕೊಳ್ಳುತ್ತದೆ. ಇಂಥ ದುಂಡು ಪಿನ್ನಿನ ಸಾಮಾನಿಗೆ ಆ ಬುದ್ಧಿ ಇಲ್ಲ, ಕೊಟ್ಟಿದ್ದನ್ನೆಲ್ಲ ನುಂಗುತ್ತದೆ. ಅವರು ಹೇಳಿ ಮುಗಿಸುವ ಮೊದಲೇ ತಮ್ಮ ತಲೆಯಾಡಿಸುತ್ತಿದ್ದ. ಮೇಲಿನ ತೂಬಿನ ನೀರನ್ನು ಸಣ್ಣ ಕಾಲುವೆಗೆ ಒಮ್ಮೆಲೆ ಬಿಟ್ಟರೆ ಬದು ಒಡೆಯುತ್ತದೆ ಅನ್ನುವುದನ್ನು ಅವನಿಗೆ ಯಾರು ಹೇಳಿಕೊಡಬೇಕು? ಇಡೀ ಜೀವಮಾನ ಅದನ್ನೇ ಮಾಡಿದವನು ನನ್ನ ಅಡುಗೆಮನೆಯಲ್ಲಿ ಕೂತಿದ್ದ, ಕೇಳಿದ್ದ, ನಾನು ಬಾಯಿ ಮುಚ್ಚು ಎಂದಿದ್ದೆ.

ರಿಪೇರಿ ಆಗುವುದಿಲ್ಲ ಎಂದರು. ಆಸ್ಪತ್ರೆಗೆ ಹೇಳಿ ಹೊಸದನ್ನೇ ತರಿಸಬೇಕು. ಆಸ್ಪತ್ರೆಗೆ ಫೋನು ಮಾಡಿದರೆ, ಹೊರಗಿನಿಂದ ಬರಬೇಕು, ಒಂದೂವರೆ ಎರಡು ತಿಂಗಳಾದರೂ ಬೇಕು ಎಂದರು.

ಅಲ್ಲಿಂದ ಬುಕ್ಕಸಾಗರಕ್ಕೆ ನಾನೂ ಅವನ ಜೊತೆ ಹೋದೆ. ಅವನ ಹೆಂಡತಿಗೆ ನಾನೇ ಹೇಳಬೇಕು, ಬೈದರೆ ಬೈಸಿಕೊಳ್ಳಬೇಕು ಎಂದುಕೊಂಡೇ ಹೋದದ್ದು. ಅವಳು ಬಾಗಿಲಲ್ಲೇ ಮಷಿನ್ ಎಲ್ಲಿ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ತಮ್ಮ ಕೈ ಮಾಡಿ ತೋರಿಸಿದ. ಹಲಗೆ ಎತ್ತುತ್ತಿದ್ದೆ, ಜೇಬಿನಿಂದ ಜಾರಿತು, ಕಾಲುವೆಗೆ ಬಿತ್ತು. ಅವನ ಕೈ ಎಷ್ಟು ಚೆನ್ನಾಗಿ ಹೇಳಿತೆಂದರೆ ನನಗೂ ಆ ನೀರು ಕಂಡಿತು. ಅವಳು ಅವನನ್ನು ಹಿಡಿದು ಬೈದಳು. ಸಣ್ಣ ಮಗುವಿಗಿಂತ ಕಡೆ, ತನ್ನ ಬಾಯಿಯನ್ನೇ ನೀರಿಗೆ ಬಿಟ್ಟುಕೊಂಡು ಬಂದಿದ್ದಾನೆ ಎಂದಳು. ಅವನು ತಲೆ ತಗ್ಗಿಸಿ ಬೈಸಿಕೊಂಡ. ಅವಳು ನನಗೆ ಚಾ ಕೊಟ್ಟಳು. ನಾನು ಕುಡಿದೆ.

ಹೊರಡುವಾಗ ಅವನು ನನ್ನ ಭುಜ ಒಮ್ಮೆ ತಟ್ಟಿದ. ಸುಮ್ಮನಿರು ಅನ್ನುವ ಹಾಗೆ. ನಾನು ಸುಮ್ಮನಿದ್ದೆ. ಅವನು ಹೇಳಿದ್ದಕ್ಕೆ ಸುಮ್ಮನಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಚಾರ್ಜರಜ್ಜಿ ತನ್ನ ತಮ್ಮನ ಗಂಟಲನ್ನೇ ಸುಟ್ಟಳಂತೆ ಎಂದು ಕಮಲಾಪುರದವರೆಗೆ ಮಾತು ಹೋಗುತ್ತದೆ, ಅದಕ್ಕೆ ಸುಮ್ಮನಿದ್ದೆ. ಒಂದು ಡಬ್ಬಿ ಹಳೇ ಚಾರ್ಜರಿನ ಹೆಸರು ಉಳಿಸಿಕೊಳ್ಳಲು.

ನೀರಿನ ಸರದಿ ಯಾರಿಗಾಗಿಯೂ ಎರಡು ತಿಂಗಳು ಕಾಯುವುದಿಲ್ಲ. ತಮ್ಮನ ಹೆಂಡತಿ ದಿನಾ ಮೆಟ್ರಿ ಅನ್ನುವ ಊರಿಗೆ ನಾಟಿ ಕೂಲಿಗೆ ಹೋಗುತ್ತಿದ್ದಳು, ಮಗ ದೂರದ ಊರಿನಲ್ಲಿ ಕೆಲಸಕ್ಕಿದ್ದ, ಅವನ ಪರವಾಗಿ ಫೋನಿನಲ್ಲಿ ಮಾತಾಡಲು ಮನೆಯಲ್ಲಿ ಯಾರೂ ಇರಲಿಲ್ಲ. ಬರೆದು ಕಳಿಸಲು ಅವನಿಗೆ ಅಕ್ಷರ ಬರುವುದಿಲ್ಲ. ಅವನು ತನ್ನದೇ ಒಂದು ದಾರಿ ಮಾಡಿಕೊಂಡ. ರೈತರು ಫೋನು ಮಾಡಿ ಕೇಳಿದರೆ ಉಗುರಿನಿಂದ ಫೋನನ್ನು ಕುಟ್ಟುವುದು. ಒಂದು ಸಲ ಕುಟ್ಟಿದರೆ ನೀರು ಬಂತು, ಎರಡು ಸಲ ಕುಟ್ಟಿದರೆ ಇನ್ನೂ ಇಲ್ಲ. ಕೆಲವರು ಕಲಿತರು. ಕೆಲವರು ಏನಪ್ಪಾ ಮರಕುಟಿಗ, ಇವತ್ತೆಷ್ಟು ಕುಟ್ಟತಿ ಎಂದು ಆಡಿಕೊಂಡರು. ಕುಟ್ಟಿದ್ದು ತಿಳಿಯದವರ ಗದ್ದೆಗೆ ಅವನೇ ಗಾಡಿಯಲ್ಲಿ ಓಡಿಹೋಗಿ ಎದುರಿಗೆ ನಿಂತು ಬಾಯಿ ಆಡಿಸಿ ತೋರಿಸುತ್ತಿದ್ದ. ಮೂರು ವಾರ ಹೀಗೆ ನಡೆಸಿದ.

ನಾಲ್ಕನೇ ವಾರ ಒಂದು ಬೆಳಿಗ್ಗೆ ಕೆಳಗಿನ ಬದು ಒಂದು ಕಡೆ ಬಾಯಿಬಿಟ್ಟಿತು. ಅವನು ಅಲ್ಲೇ ಇದ್ದ, ಮೊದಲು ನೋಡಿದ್ದೂ ಅವನೇ. ಮೇಲಿನ ತೂಬು ಒಂದೂವರೆ ಮೈಲಿ ದೂರ. ಅಲ್ಲಿಯವನು ಹಲಗೆ ಇಳಿಸಿದರೆ ನೀರು ನಿಲ್ಲುತ್ತದೆ. ತಮ್ಮ ಅವನಿಗೆ ಫೋನು ಮಾಡಿ ಕುಟ್ಟಿದ, ಕುಟ್ಟುತ್ತಲೇ ಇದ್ದ. ಆ ಕಡೆಯವನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಯಾರಲೇ ಅದು ಎಂದು ಎರಡು ಸಲ ಕೇಳಿ ಇಟ್ಟ. ಮೂರನೇ ಸಲ ಎತ್ತಲೇ ಇಲ್ಲ. ತಮ್ಮ ಗಾಡಿ ಹತ್ತಿ ಹೋಗಿ ತಾನೇ ಹಲಗೆ ಇಳಿಸುವಷ್ಟರಲ್ಲಿ, ನಾಲ್ಕು ಜನರ ಗದ್ದೆಯಲ್ಲಿ ಹಿಂದಿನ ದಿನ ನೆಟ್ಟ ಸಸಿ ಒಂದೂ ಉಳಿಯದೆ ತೇಲಿಹೋಗಿತ್ತು.

ನಮ್ಮ ಊರಲ್ಲಿ ನೀರಿನ ಪಂಚಾಯ್ತಿ ನೀರಿನ ಹತ್ತಿರವೇ ಆಗಬೇಕು. ತೂಬಿನ ಹತ್ತಿರ ಚಪ್ಪಲಿ ಬಿಟ್ಟು ಎಲ್ಲರೂ ಕೂತರು. ವಿಷಯ ತಿಳಿದು ನಾನೂ ಹೋಗಿದ್ದೆ, ಹೆಂಗಸರ ಹಿಂದೆ ನಿಂತಿದ್ದೆ. ಗದ್ದೆ ಹಾಳಾದವರು ಕೂಗಾಡಿದರು. ತನ್ನ ಬಾಯಿಯನ್ನೇ ಕಾಲುವೆಗೆ ಬಿಟ್ಟವನು ಕಾಲುವೆ ಏನು ಕಾಯುತ್ತಾನೆ ಎಂದು ಒಬ್ಬ ಕೇಳಿದ. ಹಿರಿಯರೊಬ್ಬರು ಎಲ್ಲರನ್ನೂ ಸುಮ್ಮನಾಗಿಸಿ ತಮ್ಮನ ಕಡೆ ತಿರುಗಿದರು.

"ಮಷಿನ್ ಕೆಲಸದ ಹೊತ್ತಿನ್ಯಾಗ ನೀರಿಗೆ ಬಿತ್ತೋ, ಕುಡುದು ಎಲ್ಲ್ಯಾರ ಒಗದು ಬಂದ್ಯೋ? ಗಂಗವ್ವನ್ನ ಮುಟ್ಟಿ ಹೇಳು."

ಗಂಗವ್ವನನ್ನು ಮುಟ್ಟುವುದೆಂದರೆ ಕಾಲುವೆಯ ನೀರಿಗೆ ಬಲಗೈ ಇಡುವುದು. ನಮ್ಮಲ್ಲಿ ನೀರುಗಂಟಿಗೆ ಅದಕ್ಕಿಂತ ದೊಡ್ಡ ಆಣೆಯಿಲ್ಲ. ನಮ್ಮ ಅಪ್ಪ ಜೀವಮಾನದಲ್ಲಿ ಎರಡೇ ಸಲ ಹಾಗೆ ಮುಟ್ಟಿದ್ದ. ತಮ್ಮ ಎದ್ದ, ಮೆಟ್ಟಿಲಿಳಿದು ನೀರಿನಲ್ಲಿ ಕೈ ಇಟ್ಟ, ಇಲ್ಲೇ ಬಿತ್ತು ಎಂದು ಇನ್ನೊಂದು ಕೈಯಿಂದ ತೋರಿಸಿದ. ಮೇಲೆ ಬರುವಾಗ ನನ್ನ ಕಡೆ ನೋಡಲಿಲ್ಲ.

ಅಲ್ಲಿ ದನಿಯಿಲ್ಲದವನು ಅವನೊಬ್ಬನೇ. ನನಗೆ ಬಾಯಿತ್ತು. ಸಂತೆಯಲ್ಲಿ ಎರಡು ಗಲ್ಲಿಗೆ ಕೇಳುವಂಥ ಬಾಯಿ. ಬಿದ್ದದ್ದಲ್ಲ, ಸುಟ್ಟದ್ದು, ಸುಟ್ಟವಳು ನಾನು ಅನ್ನಲು ನಾಲ್ಕು ಮಾತು ಸಾಕಿತ್ತು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತೆ. ಈ ಸಲಕ್ಕೆ ಬೇರೆಯವನು ನೋಡಿಕೊಳ್ಳಲಿ ಎಂದು ತೀರ್ಮಾನವಾಯಿತು. ಆ ಬೇರೆಯವನು ಎರಡು ಮನೆ ಆಚೆಯವನು, ಕೆಟ್ಟವನಲ್ಲ. ಕಾಲುವೆಯ ಕೆಲಸ ಗೊತ್ತಿಲ್ಲದವನು, ಅಷ್ಟೆ.

ಹೊಸ ಮಷಿನ್ನು ಹೇಳಿದ್ದಕ್ಕಿಂತ ತಡವಾಗಿ ಬಂತು. ಅಷ್ಟು ಹೊತ್ತಿಗೆ ಭತ್ತ ಹೊಡೆ ಬಿಚ್ಚಿ ತೆನೆ ಹೊರಟಿತ್ತು. ತಮ್ಮ ಮತ್ತೆ ಮಾತಾಡತೊಡಗಿದ. ಮೊದಲಿನ ಹಾಗೆಯೇ ನನ್ನ ಜೊತೆ ನಕ್ಕ, ಫೋನು ಮಾಡಿದ, ಸುಟ್ಟ ವಿಷಯ ಎತ್ತಲೇ ಇಲ್ಲ. ಅಲ್ಲಿಗೇ ಬಿಡಬಹುದಿತ್ತು. ನನಗೆ ಬಿಡಲು ಬರಲಿಲ್ಲ. ಆ ಎದೆಯುರಿ ನನ್ನದು, ಇಳಿಸಿಕೊಳ್ಳಬೇಕಿತ್ತು.

ಅವನ ಮೊಮ್ಮಗಳಿಗೆ ಹೆಸರಿಡುವ ದಿನ ಊರವರೆಲ್ಲ ಊಟಕ್ಕೆ ಬಂದಿದ್ದರು. ಹೊಸ ನೀರುಗಂಟಿಯ ಕೈಯಲ್ಲಿ ಕಡೆಯ ಗದ್ದೆಗಳಿಗೆ ನೀರೇ ಮುಟ್ಟುತ್ತಿಲ್ಲವೆಂದು ಮಾತು ಬಂತು. ಅದೇ ಹಿರಿಯರು, ಮುಂದಿನ ಸರದಿಗೆ ಇವನೇ ಬರಲಿ, ಯಾರ ಕೈಯಿಂದಲೂ ಸಾಮಾನು ಜಾರುತ್ತದೆ ಬಿಡಿ ಎಂದರು. ಯಾರೂ ಬೇಡ ಅನ್ನಲಿಲ್ಲ. ತಮ್ಮ ಹೋಳಿಗೆ ಬಡಿಸುತ್ತಿದ್ದವನು ನಿಂತು ಕೇಳುತ್ತಿದ್ದ. ಇದೇ ಹೊತ್ತು ಎಂದು ನನಗೆ ಅನ್ನಿಸಿತು. ನಾನೂ ಒಂದು ಮಾತು ಸೇರಿಸಿದರೆ ಅವನ ಮೇಲಿನ ತಪ್ಪು ಪೂರ್ತಿ ತೊಳೆದುಹೋಗುತ್ತದೆ, ಕೆಲಸ ಗಟ್ಟಿಯಾಗುತ್ತದೆ ಎಂದುಕೊಂಡೆ. ಅವನ ಕೈಯಿಂದ ಏನೂ ಜಾರಲಿಲ್ಲ, ತಪ್ಪು ಚಾರ್ಜರು ಹಾಕಿ ಸುಟ್ಟವಳು ನಾನು, ನನ್ನ ಮರ್ಯಾದೆ ಉಳಿಸಲು ಅವನು ಹಾಗೆ ಹೇಳಿದ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಪಂಕ್ತಿಯಲ್ಲಿ ಕೈಗಳು ಎಲೆಯ ಮೇಲೇ ನಿಂತವು. ಹಿರಿಯರು ನನ್ನನ್ನು ನೋಡಲಿಲ್ಲ, ತಮ್ಮನನ್ನು ನೋಡಿದರು.

"ಹಂಗಾದ್ರ ಗಂಗವ್ವನ್ನ ಮುಟ್ಟಿ ತೋರಿಸಿದ್ದೇನು?"

ತಮ್ಮ ಹೋಳಿಗೆಯ ತಟ್ಟೆಯನ್ನು ಕೆಳಗಿಟ್ಟ. ಅವರು ಮಜ್ಜಿಗೆ ಕುಡಿಯದೆ ಎದ್ದರು. ನೀರಿನ ಮುಂದೆ ಸುಳ್ಳು ಹೇಳಿದವನ ಕೈಗೆ ನೀರು ಕೊಡಲು ಯಾರಿಗೂ ಮನಸ್ಸು ಬರಲಿಲ್ಲ. ಆವತ್ತೂ ಕೊಡಲಿಲ್ಲ, ಆಮೇಲೂ ಕೊಡಲಿಲ್ಲ. ಸಾಮಾನು ಜಾರಿಸಿದವನಿಗೆ ಕ್ಷಮೆಯಿತ್ತು, ಆಣೆ ತಪ್ಪಿದವನಿಗೆ ಇಲ್ಲ. ಇದೂ ನನಗೆ ಹೊಳೆಯಬೇಕಿತ್ತು. ನಾನೂ ನೀರುಗಂಟಿಯ ಮಗಳೇ.

ಅವನ ಹೆಂಡತಿ ಪಾತ್ರೆ ತೊಳೆಯುವ ಕಡೆ ನನ್ನ ಹತ್ತಿರ ಬಂದಳು. ಜಗಳಕ್ಕೆ ಬಂದಳೆಂದುಕೊಂಡೆ.

"ಅಕ್ಕಾರ, ಇಷ್ಟು ದಿನ ನಾ ಅವರನ್ನ ಬೈದದ್ದನ್ನ ಈಗ ಎಲ್ಲಿ ಇಡ್ಲಿ?" ಎಂದಳು.

ಸಂಜೆ ನಾನು ಹೊರಟಾಗ ತಮ್ಮ ಪಡಸಾಲೆಯಲ್ಲಿ ಒಬ್ಬನೇ ಕೂತಿದ್ದ. ಮಷಿನ್ನನ್ನು ಕುತ್ತಿಗೆಗೆ ಹಿಡಿದ. ಆ ಮಷಿನ್ನಿಗೆ ಸಿಟ್ಟು, ಅಳು ಏನೂ ಗೊತ್ತಿಲ್ಲ, ಎಲ್ಲಕ್ಕೂ ಒಂದೇ ದನಿ.

"ನನಗ ದನಿ ಇಲ್ಲದಾಗ ನೀ ಹೇಳಲಿಲ್ಲ. ದನಿ ಬಂದ ಮ್ಯಾಲ ಯಾಕ ಹೇಳಿದಿ?"

ಅವನು ನನ್ನೊಂದಿಗೆ ಆಡಿದ ಕಡೆಯ ಮಾತು ಅದು. ಆಮೇಲೆ ಮಾತು ಬಿಟ್ಟ. ನಮ್ಮ ಕಡೆ ಮಾತು ಬಿಡುವುದೆಂದರೆ ಜಗಳವಲ್ಲ. ಮನೆಗೆ ಹೋದರೆ ಊಟಕ್ಕೆ ಹಾಕುತ್ತಾರೆ, ಕಾಯಿಲೆಯೆಂದರೆ ಬಂದು ನೋಡುತ್ತಾರೆ, ಬಸ್ಸಿಗೆ ಹತ್ತಿಸುತ್ತಾರೆ. ಮಾತೊಂದು ಇರುವುದಿಲ್ಲ. ಆ ಒಂದನ್ನೇ ನಾನು ಅವನಿಂದ ಎರಡು ತಿಂಗಳಿಗೂ ಹೆಚ್ಚು ಕಾಲ ಕಿತ್ತುಕೊಂಡಿದ್ದೆ. ಅದನ್ನೇ ಅವನು ನನ್ನಿಂದ ಕಿತ್ತುಕೊಂಡ. ನ್ಯಾಯವಲ್ಲ ಎಂದು ಹೇಳಲು ನನಗೆ ಬಾಯಿಲ್ಲ.

ಈಗ ಅವನು ಸಂಡೂರಿನ ಕಡೆ ಒಂದು ಗಣಿಯಲ್ಲಿ ಲಾರಿ ತೂಗುವ ಜಾಗದ ಹತ್ತಿರ ಕಾವಲು ಕೆಲಸದಲ್ಲಿದ್ದಾನೆ. ಅಲ್ಲಿ ಮಾತಾಡುವ ಕೆಲಸವಿಲ್ಲ, ಲಾರಿ ಬಂದರೆ ಕೈಯೆತ್ತುವುದು, ಹೋದರೆ ಇಳಿಸುವುದು. ಕೆಂಪು ದೂಳು ಕುತ್ತಿಗೆಯ ತೂತಿಗೆ ಹೋಗದ ಹಾಗೆ ಒದ್ದೆ ಬಟ್ಟೆ ಕಟ್ಟಿಕೊಂಡು ನಿಲ್ಲುತ್ತಾನಂತೆ. ದಿನಕ್ಕೆ ನಾಲ್ಕು ಸಲ ಬಟ್ಟೆ ಬದಲಿಸಿದರೂ ತೊಳೆದ ನೀರು ಕುಂಕುಮ ಕಲೆಸಿದ ಹಾಗೆ ಬರುತ್ತದೆ ಎಂದು ಅವನ ಹೆಂಡತಿ ಹೇಳುತ್ತಾಳೆ. ನೀರಿನ ಹತ್ತಿರ ಹುಟ್ಟಿದವನು ದೂಳಿನಲ್ಲಿ ನಿಂತಿದ್ದಾನೆ.

ಜನ ಈಗಲೂ ನನ್ನ ಹತ್ತಿರ ಬರುತ್ತಾರೆ. ಯಾರೂ ಬರುವುದಿಲ್ಲ ಎಂದು ಹೆದರಿದ್ದೆ, ಯಾವ ಹೆಸರಿಗಾಗಿ ಬಾಯಿ ಮುಚ್ಚಿಕೊಂಡಿದ್ದೆನೋ ಆ ಹೆಸರಿಗೆ ಏನೂ ಆಗಲಿಲ್ಲ. ಒಂದೆರಡು ವಾರ ಆಡಿಕೊಂಡರು, ಫೋನು ಕೆಟ್ಟ ಕೂಡಲೇ ಬಂದರು. ಈಗ ಪ್ರತಿಯೊಂದು ಚಾರ್ಜರಿಗೂ ಅದರ ಬೆನ್ನಿನ ಅಂಕಿಯನ್ನು ದೊಡ್ಡದಾಗಿ ಬರೆದ ಚೀಟಿ ಕಟ್ಟಿದ್ದೇನೆ. ಔಷಧಿ ಹೊಡೆಯುವ ಪಂಪು, ಆವಿ ಹಿಡಿಯುವ ಮಷಿನ್ನು, ಕಿವಿ ಮಷಿನ್ನು ತಂದವರಿಗೆ, ಇದರ ಜೊತೆ ಬಂದ ಚಾರ್ಜರನ್ನೇ ಹುಡುಕಿರಿ, ಸಿಗದಿದ್ದರೆ ಹೊಸಪೇಟೆಯ ಆ ವಯಸ್ಸಾದವರ ಹತ್ತಿರ ಹೋಗಿರಿ ಎನ್ನುತ್ತೇನೆ. ಎದುರಿಗೆ ಕೂತವರು ಏನಾದರೂ ಹೇಳಿದರೆ ಕೈ ನಿಲ್ಲಿಸಿ ಕೇಳುತ್ತೇನೆ. ಕಲಿತೆ. ಕಲಿತದ್ದಕ್ಕೆ ತೆತ್ತವನು ಬೇರೆ.

ನಾಗರಪಂಚಮಿಗೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯಬೇಕು. ಎರಡು ವರ್ಷ ತಮ್ಮ ಬರಲಿಲ್ಲ, ಮಗನನ್ನು ಕಳಿಸಿದ. ಈ ವರ್ಷ ತಾನೇ ಸಂಡೂರಿನಿಂದ ಬಂದ. ಗೆಸ್ಟ್ ಹೌಸಿನ ಗೇಟಿನ ಹೊರಗೆ ಗಾಡಿ ನಿಲ್ಲಿಸಿ ಹಾರನ್ನು ಒಂದು ಸಲ ಒತ್ತಿದ. ಕರೆಯಲು ಬಂದವನು ಕರೆಯಲಿಲ್ಲ. ಮೂರು ರೂಮು ಗುಡಿಸುವುದಿದೆ ಎಂದೆ. ಗಾಡಿ ಆರಿಸಿ, ನೆರಳಿಗೆ ಹೋಗಿ ಕೂತ. ನಾನು ಕೆಲಸ ಮುಗಿಸಿ, ಸೀರೆ ಬದಲಿಸಿ, ಉಂಡೆಯ ಡಬ್ಬಿ ಹಿಡಿದು ಹಿಂದೆ ಕೂತೆ. ಗಾಡಿ ಹೊಡೆಯುವಾಗ ಅವನು ಹೇಗೂ ಮಾತಾಡಲಾರ, ಮಷಿನ್ನು ಹಿಡಿಯಲು ಒಂದು ಕೈ ಬೇಕಲ್ಲ. ದಾರಿಯುದ್ದಕ್ಕೂ ನಾನು ಅದನ್ನೇ ಹೇಳಿಕೊಂಡೆ.

ಊರ ಹತ್ತಿರ ತೂಬಿನ ಬಳಿ ಹೊಸ ನೀರುಗಂಟಿ ಹಲಗೆಯ ಜೊತೆ ಗುದ್ದಾಡುತ್ತಿದ್ದ. ಹಲಗೆ ಓರೆಯಾಗಿ ಸಿಕ್ಕಿಕೊಂಡಿತ್ತು. ತಮ್ಮ ಗಾಡಿ ನಿಲ್ಲಿಸಿದ. ಜೇಬಿನಿಂದ ಮಷಿನ್ನು ತೆಗೆದು ಕುತ್ತಿಗೆಗೆ ಹಿಡಿದು, ಎಡಗಡೆಯ ಕಲ್ಲಿನ ಸಂದಿನಲ್ಲಿ ಹೂಳು ಕೂರುತ್ತದೆ, ಮೊದಲು ಅದನ್ನು ಕೆದರು, ಆಮೇಲೆ ಎರಡೂ ಕಡೆ ಸಮ ಎತ್ತು, ಒಮ್ಮೆಲೆ ಎತ್ತಬೇಡ ಎಂದು ಹೇಳಿಕೊಟ್ಟ. ಹೊಸ ನೀರುಗಂಟಿ ಕೇಳಿದ್ದಕ್ಕೆಲ್ಲ ತಮ್ಮ ಉತ್ತರ ಕೊಟ್ಟ, ಒಂದೆರಡು ತಮಾಷೆಯನ್ನೂ ಮಾಡಿದ. ಇಬ್ಬರೂ ನಕ್ಕರು. ನಾನು ಗಾಡಿಯ ಹತ್ತಿರ ಡಬ್ಬಿ ಹಿಡಿದು ನಿಂತು ಆ ದನಿಯನ್ನು ಕೇಳಿದೆ. ಅಷ್ಟು ಹತ್ತಿರದಿಂದ ಕೇಳಿ ಎರಡು ವರ್ಷವಾಗಿತ್ತು.

ಹಲಗೆ ಎದ್ದಿತು, ನೀರು ಹರಿಯಿತು. ತಮ್ಮ ಮಷಿನ್ನನ್ನು ಟವೆಲ್ಲಿನಿಂದ ಒರೆಸಿ ಜೇಬಿಗಿಟ್ಟ, ಗಾಡಿ ಹತ್ತಿ, ತಿರುಗಿ ನೋಡದೆ ಹಿಂದಿನ ಸೀಟನ್ನು ಕೈಯಿಂದ, ಆಗ ಫೋನು ಕುಟ್ಟುತ್ತಿದ್ದ ಹಾಗೆ, ಎರಡು ಸಲ ತಟ್ಟಿದ. ಕೂತೆ.